ಲಾರಿ ಇಲ್ಲದ ದಾರಿಯಲ್ಲಿ ಕಡಲಿಗೆ: ಧಾರವಾಡದಿಂದ ಗೋಕರ್ಣಕ್ಕೆ ಸೈಕಲ್

ಪ್ರಶ್ನೆ: ನಾವು ಹುಬ್ಬಳ್ಳಿ ವಿದ್ಯಾನಗರದವರು. ನನಗೆ 46 ವರ್ಷ. ಮಗ ಪಿಯುಸಿ ಮೊದಲ ವರ್ಷ. ಎರಡು ವರ್ಷದಿಂದ ಇಬ್ಬರೂ ರವಿವಾರ ಬೆಳಗ್ಗೆ 40–50 ಕಿ.ಮೀ. ಸೈಕಲ್ ಹೊಡೆಯುತ್ತೇವೆ. ಈ ಡಿಸೆಂಬರ್ ಕೊನೆಗೆ ನಾಲ್ಕೈದು ದಿನ ಬಿಡುವು ಮಾಡಿಕೊಂಡು ಕಾಡು ದಾಟಿ ಸಮುದ್ರದ ತನಕ ಹೋಗಬೇಕೆಂಬ ಆಸೆ. ಆದರೆ ಅಂಕೋಲಾ ರಸ್ತೆಯ ಲಾರಿಗಳನ್ನು ನೋಡಿ ಮನೆಯವರು ಬೇಡವೇ ಬೇಡ ಅಂತಿದ್ದಾರೆ. ಗಾಡಿಗಳ ಕಾಟ ಇಲ್ಲದ ಡಾಂಬರು ದಾರಿ ಇದೆಯೇ? ಎಷ್ಟು ದಿನ ಬೇಕು? ವಾಪಸ್ ಬರುವುದು ಹೇಗೆ?

ಉತ್ತರ:

ಮನೆಯವರು ಹೇಳಿದ್ದು ಸರಿ ಇದೆ. ಹುಬ್ಬಳ್ಳಿ–ಯಲ್ಲಾಪುರ–ಅಂಕೋಲಾ ರಸ್ತೆ ಸೈಕಲ್ಲಿಗೆ ಬೇಡ. ಅದರಲ್ಲೂ ಮಗನನ್ನು ಕರೆದುಕೊಂಡು ಅರಬೈಲ್ ಘಾಟಿ ಇಳಿಯುವುದು ಖಂಡಿತ ಬೇಡ. ಆದರೆ ಸಮುದ್ರಕ್ಕೆ ಹೋಗುವುದನ್ನೇ ಬಿಡಬೇಕಾಗಿಲ್ಲ. ದಾರಿ ಇದೆ. ಸ್ವಲ್ಪ ಸುತ್ತು, ಅಷ್ಟೇ.

ಇಪ್ಪತ್ತು ವರ್ಷದಿಂದ ನಾನು ಈ ಕಡೆಯ ರಸ್ತೆಗಳಲ್ಲಿ ಸೈಕಲ್ ಹೊಡೆಯುತ್ತಿದ್ದೇನೆ. ಮೊದಮೊದಲು ನಕ್ಷೆ ನೋಡಿ, ಎಲ್ಲಿ ಹಸಿರು ಜಾಸ್ತಿ ಇದೆಯೋ ಆ ರಸ್ತೆ ಆರಿಸುತ್ತಿದ್ದೆ. ಅದು ತಪ್ಪು. ಅರಬೈಲ್ ಘಾಟಿಯಲ್ಲೂ ಬೇಕಾದಷ್ಟು ಹಸಿರಿದೆ, ಲಾರಿಗಳೂ ಬೇಕಾದಷ್ಟಿವೆ. ಆಮೇಲೆ ಬೇರೆ ಪ್ರಶ್ನೆ ಕೇಳಿಕೊಳ್ಳಲು ಕಲಿತೆ: ಈ ಲಾರಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ?

ನಮ್ಮ ಸೀಮೆಯಲ್ಲಿ ಸರಕು ಓಡುವುದು ಬಹುಪಾಲು ಪೂರ್ವ–ಪಶ್ಚಿಮವಾಗಿ. ಬಯಲುಸೀಮೆಯ ಮಾಲು ಬಂದರಿಗೆ ಇಳಿಯಬೇಕು, ಬಂದರಿನ ಮಾಲು ಮೇಲೆ ಹತ್ತಬೇಕು. ಅದಕ್ಕೆ ಮೂರು ದೊಡ್ಡ ದಾರಿಗಳಿವೆ. ಒಂದು, ನೀವು ಹೇಳಿದ ಅಂಕೋಲಾ ರಸ್ತೆ. ಹಿಂದೆ ಅದಿರಿನ ಲಾರಿಗಳು ಬೇಲೆಕೇರಿಗೆ, ಕಾರವಾರಕ್ಕೆ ಸಾಲುಗಟ್ಟಿ ಇಳಿಯುತ್ತಿದ್ದದ್ದು ಇದರಲ್ಲೇ. ಎರಡನೆಯದು ಧಾರವಾಡ–ಅಳ್ನಾವರ–ಲೋಂಡಾ ಮೇಲೆ ಅನಮೋಡ ಘಾಟಿ ಇಳಿದು ಗೋವಾಕ್ಕೆ ಹೋಗುವುದು. ಮೂರನೆಯದು ಶಿರಸಿ–ಕುಮಟಾ ನಡುವಿನ ದೇವಿಮನೆ ಘಾಟಿ. ಅದೀಗ ರಾಷ್ಟ್ರೀಯ ಹೆದ್ದಾರಿ 766ಇ, ಅಗಲ ಮಾಡುವ ಕೆಲಸವೂ ಆ ರಸ್ತೆಯಲ್ಲಿ ವರ್ಷಗಟ್ಟಲೆ ನಡೆದಿದೆ. ಕೆಳಗೆ ಕರಾವಳಿಯಲ್ಲಿ ಹೆದ್ದಾರಿ 66. ಬಹಳ ಕಡೆ ನಾಲ್ಕು ಪಥ ಆಗಿದೆ, ಗಾಡಿಗಳ ವೇಗ ವಿಪರೀತ.

ಈ ದಾರಿಗಳಿಗೆ ಅಡ್ಡವಾಗಿ, ಘಟ್ಟದ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಒಂದು ಸಾಲು ರಸ್ತೆ ಹೋಗುತ್ತದೆ. ಹಳಿಯಾಳ, ಯಲ್ಲಾಪುರ, ಶಿರಸಿ, ಸಿದ್ದಾಪುರ. ಬಂದರಿಗೆ ಹೋಗುವ ಲಾರಿಗೆ ಈ ದಾರಿಯಲ್ಲಿ ಕೆಲಸವಿಲ್ಲ. ಓಡುವುದು ಊರಿನವರ ಬೈಕು, ಬಸ್ಸು, ಹಾಲಿನ ಗಾಡಿ, ಅಡಿಕೆ ತುಂಬಿದ ಪಿಕಪ್ಪು. ನಾವು ಹೀಗೆ ದಕ್ಷಿಣಕ್ಕೆ ಜಾರುತ್ತಾ ಹೋಗಿ, ಕಡೆಗೆ ಲಾರಿಗಳು ಕಡಿಮೆ ಇಳಿಯುವ ಒಂದು ಘಾಟಿ ಹಿಡಿದು ಕಡಲಿಗೆ ಇಳಿಯಬೇಕು. ನನ್ನ ಆಯ್ಕೆ ಸಿದ್ದಾಪುರದಿಂದ ಕುಮಟಾಕ್ಕೆ ಇಳಿಯುವ ದೊಡ್ಮನೆ ಘಾಟಿ. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ನೇರ ಸುಮಾರು 135 ಕಿ.ಮೀ. ನಾನು ಹೇಳುವ ದಾರಿ ಗೋಕರ್ಣದ ತನಕ ಹತ್ತಿರ ಹತ್ತಿರ 280 ಆಗುತ್ತದೆ.

ಒಂದೂ ಗಾಡಿ ಇಲ್ಲದ ದಾರಿ ಅಂತ ನಾನು ಹೇಳಲಾರೆ. ಅಂಥದ್ದು ನಮ್ಮ ಕಡೆ ಇಲ್ಲ. ಹತ್ತು ನಿಮಿಷಕ್ಕೊಂದು ಗಾಡಿ ಬರುವ ದಾರಿ ಇದೆ. ಹಕ್ಕಿ ಕೂಗುವುದು, ನಿಮ್ಮ ಸೈಕಲ್ ಚೈನಿನ ಸದ್ದು, ಎರಡೂ ಕೇಳಿಸುತ್ತವೆ. ಮಗನ ಜೊತೆ ಮಾತಾಡಿಕೊಂಡು ಹೋಗಬಹುದು.

ಇನ್ನು ದಿನದ ಲೆಕ್ಕ. ನಿಮ್ಮ ರೂಢಿ 40–50 ಕಿ.ಮೀ. ಅದಕ್ಕೆ ಆರು ದಿನ ಕೊಡಿ. ನಾಲ್ಕೈದು ದಿನಕ್ಕೆ ಹಿಂಡಿದರೆ ಕೊನೆಯ ಘಾಟಿಗೆ ದಣಿದು ಬಂದಿರುತ್ತೀರಿ. ದಣಿದ ಕೈಯಲ್ಲಿ ಬ್ರೇಕ್ ಹಿಡಿಯುವುದು ಒಳ್ಳೆಯದಲ್ಲ. ಡಿಸೆಂಬರ್ ಕೊನೆಯ ವಾರವೂ ಬೇಡ. ಆಗ ಗೋಕರ್ಣದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಘಟ್ಟದ ರಸ್ತೆಗಳಲ್ಲೂ ಹೊರಗಿನ ಕಾರು ಜಾಸ್ತಿ. ಮೊದಲ ಅಥವಾ ಎರಡನೇ ವಾರ ಹೊರಡಿ. ರವಿವಾರ ಹುಬ್ಬಳ್ಳಿ ಬಿಟ್ಟರೆ ಕಾಡಿನ ದಾರಿಯೆಲ್ಲ ಕೆಲಸದ ದಿನಗಳಲ್ಲಿ ಸಿಗುತ್ತದೆ. ಪ್ರವಾಸದ ಗಾಡಿಗಳು ಓಡುವುದು ಶನಿವಾರ, ರವಿವಾರವೇ ಅಲ್ವಾ. ಕಾಲೇಜಿಗೆ ಒಂದು ವಾರ ರಜೆ ಕೇಳಬೇಕಾಗಬಹುದು, ಕೇಳಿ.

ಮೊದಲ ದಿನ ಹುಬ್ಬಳ್ಳಿಯಿಂದ ಹಳಿಯಾಳ, 55 ಕಿ.ಮೀ. ಇದರಲ್ಲಿ ಧಾರವಾಡದ ತನಕ ಇರುವ 20 ಕಿ.ಮೀ. ಯಾವ ಸುಖವೂ ಇಲ್ಲದ ದಾರಿ. ಸೈಕಲ್ಲುಗಳನ್ನು ಟಾಟಾ ಏಸಿಗೆ ಹಾಕಿ ಕೆಲಗೇರಿ ಕೆರೆಯ ಹತ್ತಿರ ಇಳಿಸಿಕೊಳ್ಳಿ. ಮನೆಯಿಂದಲೇ ತುಳಿಯಬೇಕು ಎನ್ನುವ ಹಟ ಬೇಡ. ಕೆಲಗೇರಿ ದಾಟಿದ ಮೇಲೆ ಗಾಳಿಯೇ ಬೇರೆ. ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ, ಹಳಿಯಾಳ ಅದಕ್ಕಿಂತ ತಗ್ಗು. ಏರಿಳಿತ ಇದ್ದರೂ ಒಟ್ಟಾರೆ ಇಳಿಜಾರು. ಡಿಸೆಂಬರ್ ಬೆಳಗ್ಗೆ ಮೂಡಗಾಳಿ ಬೆನ್ನಿಗೆ ಬಡಿದು ಮುಂದೆ ತಳ್ಳುತ್ತದೆ. ಇದೇ ದಾರಿಯನ್ನು ಜೂನ್‌ನಲ್ಲಿ ಮಾಡಿ ನೋಡಿದ್ದೇನೆ. ಪಡುವಣ ಗಾಳಿ ಎದೆಗೆ ಬಂದು, 35 ಕಿ.ಮೀ. 70 ಆದಂತೆ ಆಯಿತು.

ಈ ರಸ್ತೆಯಲ್ಲಿ ಡಿಸೆಂಬರ್‌ನಲ್ಲಿ ಒಂದು ತೊಂದರೆ ಇದೆ, ಮುಚ್ಚಿಡುವುದಿಲ್ಲ. ಕಬ್ಬು. ಹಳಿಯಾಳದಲ್ಲಿ ಸಕ್ಕರೆ ಕಾರ್ಖಾನೆ ಇದೆ, ಆಗ ಕಬ್ಬು ಅರೆಯುವ ಕಾಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿ, ಅವುಗಳಿಂದ ಕಬ್ಬು ಎರಡೂ ಕಡೆ ಹೊರಚಾಚಿರುತ್ತದೆ. ಹಿಂದೆ ದೀಪ ಇರುವುದಿಲ್ಲ. ನಿಧಾನ ಹೋಗುತ್ತದಲ್ಲ ಅಂತ ಹಿಂದಿಕ್ಕಲು ಹೋಗಬೇಡಿ. ಮೊದಲ ಟ್ರೇಲರ್ ದಾಟಿದಾಗ ಎರಡನೆಯದು ಒಳಕ್ಕೆ ವಾಲುತ್ತದೆ. ನಿಂತು ನೀರು ಕುಡಿಯಿರಿ, ಅದು ಮುಂದೆ ಹೋಗಲಿ. ಬೆಳಗ್ಗೆ ಏಳರ ಹೊತ್ತಿಗೆ ಬೆಳಕು ಬಿಟ್ಟ ಕೂಡಲೇ ಕೆಲಗೇರಿ ಬಿಟ್ಟರೆ ಹತ್ತರೊಳಗೆ ಹಳಿಯಾಳ. ಕತ್ತಲಾದ ಮೇಲೆ ಮಾತ್ರ ಈ ರಸ್ತೆಗೆ ಇಳಿಯಬೇಡಿ.

ಹಳಿಯಾಳದಿಂದ ಎಲ್ಲರೂ ದಾಂಡೇಲಿಗೆ ಹೋಗಿ ಅನ್ನುತ್ತಾರೆ. ನಾನು ಹೇಳುವುದಿಲ್ಲ. ದಾಂಡೇಲಿ ಚೆಂದದ ಜಾಗವೇ. ಆದರೆ ಹುಬ್ಬಳ್ಳಿ, ಬೆಳಗಾವಿ, ಗೋವಾ ಮೂರೂ ಕಡೆಯ ಕಾರು ಅಲ್ಲಿಗೇ ಹರಿಯುತ್ತವೆ. ಅದರ ಮುಂದೆ ಜೋಯಿಡಾ, ಅಣಶಿ, ಕದ್ರಾ ಮೇಲೆ ಕಾರವಾರಕ್ಕೆ ಇಳಿಯುವ ದಾರಿಯಂತೂ ನೋಡಲು ಬಲು ಸೊಗಸು. ಆದರೆ ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಹೋಗುತ್ತದೆ. 2007ರಲ್ಲಿ ಅಣಶಿ–ದಾಂಡೇಲಿ ಹೆಸರಿನಲ್ಲಿ ಘೋಷಣೆ ಆಯಿತು, 2015ರಲ್ಲಿ ಕಾಳಿ ಎಂದು ಹೆಸರು ಬದಲಾಯಿತು. ಬಹಳ ದೂರ ಅಂಗಡಿಯಿಲ್ಲ, ಫೋನ್ ಸಿಗುವುದಿಲ್ಲ. ಮೊದಲ ಸಲಕ್ಕೆ ಅಪ್ಪ–ಮಗ ಇಬ್ಬರೇ ಹೋಗುವ ದಾರಿ ಅದಲ್ಲ.

ಎರಡನೇ ದಿನ ಹಳಿಯಾಳದಿಂದ ಸಾಂಬ್ರಾಣಿ, ಭಾಗವತಿ, ಕಣ್ಣಿಗೇರಿ ಮೇಲೆ ಯಲ್ಲಾಪುರ. 50 ಕಿ.ಮೀ. ಆಸುಪಾಸು. ಇಡೀ ಪ್ರಯಾಣದಲ್ಲಿ ನನಗೆ ತುಂಬಾ ಪ್ರೀತಿಯ ದಾರಿ ಇದು. ಮೊದಲು ಭತ್ತದ ಗದ್ದೆ, ಕಬ್ಬು, ಮೆಕ್ಕೆಜೋಳ. ಆಮೇಲೆ ಸಾಗವಾನಿ ತೋಪು. ಭಾಗವತಿ ದಾಟಿದ ಮೇಲೆ ಕಾಡು ಎರಡೂ ಕಡೆಯಿಂದ ರಸ್ತೆ ಮೇಲೆ ಬಾಗುತ್ತದೆ. ಈ ಕಡೆಯ ಹಳ್ಳಿಗಳಲ್ಲಿ ಸಿದ್ದಿ ಜನ ಇದ್ದಾರೆ, ದನ ಸಾಕುವ ಗೌಳಿಗರ ದಡ್ಡಿಗಳಿವೆ, ಅಂದರೆ ಅವರ ಹಟ್ಟಿಗಳು. ಚಹಾದ ಅಂಗಡಿಯಲ್ಲಿ ಕೂತರೆ ಕನ್ನಡ, ಕೊಂಕಣಿ, ಮರಾಠಿ ಒಟ್ಟಿಗೇ ಕಿವಿಗೆ ಬೀಳುತ್ತವೆ.

ಇಲ್ಲಿಯೇ ನಾನು ಒಂದು ತಪ್ಪು ಮಾಡಿದ್ದೆ. ಫೋನಿನ ನಕ್ಷೆ ಎಡಕ್ಕೆ ಒಂದು ಒಳದಾರಿ ತೋರಿಸಿತು, ಏಳೆಂಟು ಕಿ.ಮೀ. ಉಳಿತಾಯ. ಸುಮ್ನೆ ನಂಬಿ ತಿರುಗಿದೆ. ಡಾಂಬರು ಹೋಗಿ ಜಲ್ಲಿ ಬಂತು, ಜಲ್ಲಿ ಹೋಗಿ ಮಣ್ಣು ಬಂತು. ನಾಲ್ಕು ಕಿ.ಮೀ. ಒಳಗೆ ಅರಣ್ಯ ಇಲಾಖೆಯ ಕಾವಲುಗಾರರೊಬ್ಬರು ಸಿಕ್ಕರು. ಬೈಯಲಿಲ್ಲ. "ಅಣ್ಣಾರ, ಎಲ್ಲಿಗೆ ಹೊಂಟೀರಿ? ಮುಂದ ದಾರಿ ಇಲ್ರಿ" ಅಂದರು. ಕೈಯಲ್ಲಿದ್ದ ಕೋಲಿನಿಂದ ರಸ್ತೆಯ ಅಂಚು ತೋರಿಸಿದರು. ಆನೆ ಲದ್ದಿ. ಅದರಲ್ಲಿ ಅರ್ಧ ಅಗಿದ ಬಿದಿರಿನ ನಾರು, ಭತ್ತದ ಹೊಟ್ಟು. ಬೆಳಗಿನ ಚಳಿಗೆ ಅದರಿಂದ ಇನ್ನೂ ಹಬೆ ಏಳುತ್ತಿತ್ತು. ಅವರು ಮತ್ತೆ ಏನೂ ಹೇಳಬೇಕಾಗಲಿಲ್ಲ. ಸೈಕಲ್ ತಿರುಗಿಸಿದೆ. ಮುಖ್ಯ ರಸ್ತೆ ಸೇರುವ ತನಕ ಅವರು ನನ್ನ ಜೊತೆಗೇ ನಡೆದು ಬಂದರು.

ದಾಂಡೇಲಿ ಕಾಡಿನ ಆನೆಗಳು ಭತ್ತ ಕೊಯ್ಲಿನ ಕಾಲಕ್ಕೆ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಕಲಘಟಗಿ ಕಡೆಯ ಗದ್ದೆಗಳಿಗೆ ಬರುವುದುಂಟು. ನೀವು ಹೋಗುವ ಹೊತ್ತೂ ಅದೇ. ಹೆದರಿ ಕೂರುವ ಕಾರಣವಿಲ್ಲ, ಸಮಯ ಪಾಲಿಸಿದರೆ ಸಾಕು. ಬಿಸಿಲು ಬಿದ್ದ ಮೇಲೆ ಹಳಿಯಾಳ ಬಿಡಿ, ಮಧ್ಯಾಹ್ನ ಎರಡರೊಳಗೆ ಯಲ್ಲಾಪುರ ಮುಟ್ಟಿ. ಭಾಗವತಿಯಲ್ಲಿ ಚಹಾ ಕುಡಿಯುವಾಗ "ಆನಿ ಅದಾವೇನ್ರಿ?" ಅಂತ ಒಂದು ಮಾತು ಕೇಳಿ. ಹಿಂದಿನ ರಾತ್ರಿ ಯಾರ ಗದ್ದೆಗೆ ಬಂದಿದ್ದವು ಎನ್ನುವುದು ಊರಿಗೆಲ್ಲ ಗೊತ್ತಿರುತ್ತದೆ. ದೂರದಲ್ಲಿ ಆನೆ ಕಂಡರೆ ನಿಲ್ಲಿ, ಹಿಂದಕ್ಕೆ ಬನ್ನಿ, ಬಸ್ಸು ಬರುವ ತನಕ ಕಾಯಿರಿ. ಫೋಟೋ ಆಸೆಗೆ ಹತ್ತಿರ ಹೋಗಬೇಡಿ. ಅರಣ್ಯ ಇಲಾಖೆಯ ಗೇಟ್ ಇರುವ ಯಾವ ಒಳದಾರಿಗೂ ಅನುಮತಿ ಇಲ್ಲದೆ ಹೋಗುವಂತಿಲ್ಲ. ಗೇಟ್ ತೆರೆದೇ ಇದ್ದರೂ ಹೋಗುವಂತಿಲ್ಲ.

ಯಲ್ಲಾಪುರ ಪೇಟೆಯಲ್ಲಿ ಅಂಕೋಲಾ ಹೆದ್ದಾರಿ ಎದುರಾಗುತ್ತದೆ. ಲಾರಿಗಳ ಜೊತೆ ಇರಬೇಕಾದ್ದು ಸ್ವಲ್ಪವೇ ದೂರ, ಅಲ್ಲಿ ಇಳಿದು ತಳ್ಳಿಕೊಂಡು ಹೋಗಿ. ಊಟ ಮಾಡಿ ಮಲಗಿ.

ಮೂರನೇ ದಿನ ಮಂಚಿಕೇರಿ ಮೇಲೆ ಶಿರಸಿ, ಇದೂ ಸುಮಾರು 50. ಈ ದಾರಿಯಲ್ಲಿ ಬೇಡ್ತಿ ಸೇತುವೆ ಬರುತ್ತದೆ. ಸೇತುವೆಗೆ ಇಳಿದದ್ದಕ್ಕೆ ಆಚೆ ಕಡೆ ಅಷ್ಟೇ ಏರಬೇಕು. ಏರುವ ಮೊದಲು ಸೇತುವೆ ಮೇಲೆ ನಿಂತು ಮಗನಿಗೆ ನೀರು ತೋರಿಸಿ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ ಕಲಘಟಗಿ ಕಡೆ ಬೇಡ್ತಿಯನ್ನು ಸೇರಿಕೊಂಡು ಇಲ್ಲಿಗೆ ಬಂದಿದೆ. ಇದೇ ನೀರು ಮುಂದೆ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಅನ್ನಿಸಿಕೊಂಡು ಗೋಕರ್ಣದ ಹತ್ತಿರ ಕಡಲು ಸೇರುತ್ತದೆ. ನೀವು ಹೋಗುತ್ತಿರುವುದೂ ಅಲ್ಲಿಗೇ.

ಮಂಚಿಕೇರಿಯ ನಂತರ ಅಡಿಕೆ ತೋಟಗಳ ಸೀಮೆ. ಡಿಸೆಂಬರ್ ಅಂದರೆ ಅಡಿಕೆ ಕೊಯ್ಲು. ಅಂಗಳದಲ್ಲಿ ಅಟ್ಟ ಹಾಕಿ ಬೇಯಿಸಿದ ಅಡಿಕೆ ಹರವಿರುತ್ತಾರೆ. ಹಂಡೆಯಲ್ಲಿ ಅಡಿಕೆಯ ಚೊಗರು ಕುದಿಯುವ ಒಗರು ವಾಸನೆ ರಸ್ತೆಯ ತನಕ ಬರುತ್ತದೆ. ನೀರು ಕೇಳಲು ಯಾವ ಮನೆಗೆ ಹೋದರೂ ಬರೀ ನೀರು ಕೊಡುವುದಿಲ್ಲ. "ಬನ್ನಿ, ಕೂತ್ಕಳಿ, ಆಸ್ರಿಗೆ ಎಂತ ಬೇಕು?" ಅಂತಾರೆ. ಬೆಲ್ಲ–ನೀರೋ ಮಜ್ಜಿಗೆಯೋ ಬರುತ್ತದೆ. ಬೇಡ ಅನ್ನಬೇಡಿ. ಹುಬ್ಬಳ್ಳಿಯ ನಾಲ್ಕು ಶೇಂಗಾ ಹೋಳಿಗೆ ಅವರ ಮನೆಯ ಮಕ್ಕಳಿಗೆ ಕೊಟ್ಟು ಬನ್ನಿ.

ಶಿರಸಿಗೆ ಹದಿನಾಲ್ಕು ಕಿ.ಮೀ. ಇರುವಾಗ ಸಹಸ್ರಲಿಂಗಕ್ಕೆ ದಾರಿ ಒಡೆಯುತ್ತದೆ. ಹೊಳೆಯ ಬಂಡೆಗಳ ಮೇಲೆ ಲಿಂಗ, ಬಸವ ಕೆತ್ತಿದ್ದಾರೆ. ಆ ಹೊಳೆಯ ಹೆಸರೂ ಶಾಲ್ಮಲಾ, ಆದರೆ ಧಾರವಾಡದ್ದಲ್ಲ, ಬೇರೆ. ಡಿಸೆಂಬರ್‌ನಲ್ಲಿ ನೀರು ಇಳಿದು ಕೆತ್ತನೆ ಕಾಣತೊಡಗುತ್ತದೆ. ಸ್ನಾನಕ್ಕೆ ಇಳಿಯುವ ಮೊದಲು ಊರಿನವರನ್ನು ಕೇಳಿ, ಬಂಡೆ ಬಹಳ ಜಾರುತ್ತದೆ.

ಇಲ್ಲಿ ಹಾವೇರಿಯ ಓದುಗರಿಗೆ ಒಂದು ಮಾತು. ನೀವು ಹಳಿಯಾಳಕ್ಕೆ ಬರುವುದು ಬೇಡ. ಹಾನಗಲ್, ಬನವಾಸಿ ಮೇಲೆ ನೇರ ಶಿರಸಿಗೆ ಬಂದು ಸೇರಿಕೊಳ್ಳಿ. ಹಾನಗಲ್ಲಿನಲ್ಲಿ ತಾರಕೇಶ್ವರ, ಬನವಾಸಿಯಲ್ಲಿ ವರದಾ ದಂಡೆಯ ಮಧುಕೇಶ್ವರ. ಬನವಾಸಿಯಿಂದ ಶಿರಸಿ 23 ಕಿ.ಮೀ. ಆ ದಾರಿಯಲ್ಲಿ ಗದ್ದೆ ಬಯಲು ಜಾಸ್ತಿ, ಏರು ಕಡಿಮೆ.

ನಾಲ್ಕನೇ ದಿನ ಶಿರಸಿಯಿಂದ ಕಾನಸೂರು ಮೇಲೆ ಸಿದ್ದಾಪುರ, 37 ಕಿ.ಮೀ. ಮಾತ್ರ. ಬೇಕೆಂದೇ ಸಣ್ಣದು ಇಟ್ಟಿದ್ದೇನೆ. ಮಧ್ಯಾಹ್ನದೊಳಗೆ ಮುಟ್ಟಿ, ಊಟ ಮಾಡಿ, ಎರಡೂ ಸೈಕಲ್ ತಿರುವಿ ಇಟ್ಟು ಬ್ರೇಕ್ ನೋಡಿ. ರಬ್ಬರಿನ ಗೀರು ಸವೆದು ಮಾಯವಾಗಿದ್ದರೆ ಬದಲಾಯಿಸಿ. ಹೊಸ ಬ್ರೇಕ್ ರಬ್ಬರ್ ಎರಡು ಜೊತೆ ಹುಬ್ಬಳ್ಳಿಯಿಂದಲೇ ಒಯ್ಯಿರಿ. ಸಂಜೆ ಸಿದ್ದಾಪುರ ಬಸ್ ಸ್ಟ್ಯಾಂಡಿಗೆ ಹೋಗಿ ಒಂದೇ ಪ್ರಶ್ನೆ ಕೇಳಿ: "ದೊಡ್ಮನೆ ಮೇಲೆ ಕುಮಟಾ ಬಸ್ ಹೋಗ್ತಾ ಇದೆಯಾ?" ಬಸ್ ಹೋಗುತ್ತಿದ್ದರೆ ರಸ್ತೆ ತೆರೆದಿದೆ. ಯಾವ ನಕ್ಷೆಗಿಂತಲೂ ಈ ಉತ್ತರ ಗಟ್ಟಿ.

ಐದನೇ ದಿನ ಘಾಟಿ. ಸಿದ್ದಾಪುರದಿಂದ ಕುಮಟಾಕ್ಕೆ 65 ಕಿ.ಮೀ. ಸುತ್ತಮುತ್ತ. ದಾರಿಯಲ್ಲಿ ಸಿಗುವ ದೊಡ್ಮನೆ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರ ಊರು. ಊರು ದಾಟಿದ ಮೇಲೆ ರಸ್ತೆ ಕಿರಿದಾಗುತ್ತದೆ, ಕಾಡು ದಟ್ಟವಾಗುತ್ತದೆ, ತಿರುವು ಶುರುವಾಗುತ್ತದೆ. ಮಳೆಗಾಲ ಕಳೆದ ಮೇಲೆ ಅಲ್ಲಲ್ಲಿ ಡಾಂಬರು ಕಿತ್ತಿರುತ್ತದೆ. ನೆರಳಿನ ತಿರುವುಗಳಲ್ಲಿ ಡಿಸೆಂಬರ್‌ನಲ್ಲೂ ಪಾಚಿ ಇರುತ್ತದೆ, ಮೇಲೆ ತರಗೆಲೆ. ಕಣ್ಣಿಗೆ ಒಣಗಿದಂತೆ ಕಾಣುತ್ತದೆ, ಚಕ್ರ ಹೋದಾಗಲೇ ಜಾರುವುದು ಗೊತ್ತಾಗುತ್ತದೆ.

ಇಳಿಯುವುದು ಹೇಗೆ ಅಂತ ಮಗನಿಗೆ ನೀವೇ ಕಲಿಸಬೇಕು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬ್ರೇಕನ್ನು ಉದ್ದಕ್ಕೂ ಹಿಡಿದುಕೊಂಡೇ ಇಳಿಯಬಾರದು. ಹಿಡಿ, ಬಿಡು, ಹಿಡಿ, ಬಿಡು. ತಿರುವಿಗೆ ಬರುವ ಮೊದಲೇ ವೇಗ ಕಡಿಮೆ ಆಗಿರಬೇಕು, ತಿರುವಿನ ನಡುವೆ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. ರಿಮ್ ಬ್ರೇಕ್ ಸೈಕಲ್ಲಾದರೆ ಎರಡು–ಮೂರು ಕಿ.ಮೀ.ಗೊಮ್ಮೆ ನಿಂತು ರಿಮ್ ಆರಲು ಬಿಡಿ. ಒಮ್ಮೆ ದೇವಿಮನೆ ಘಾಟಿಯಲ್ಲಿ ನಾನು ಒಂದೇ ಸಮ ಬ್ರೇಕ್ ಹಿಡಿದು ಇಳಿದೆ. ಕೆಳಗೆ ನಿಂತಾಗ ಸುಟ್ಟ ರಬ್ಬರಿನ ವಾಸನೆ. ಏನಾಯಿತೆಂದು ರಿಮ್ಮಿಗೆ ಹೆಬ್ಬೆರಳು ಇಟ್ಟೆ. ದೋಸೆ ಕಾವಲಿ ಮುಟ್ಟಿದ ಹಾಗೆ ಸುರ್ ಅಂತು. ಬೊಬ್ಬೆ ಬಂದು, ಮೂರು ದಿನ ಗೇರ್ ಬದಲಾಯಿಸಲು ಆಗಲಿಲ್ಲ. ಆ ಬಿಸಿಗೆ ಟ್ಯೂಬ್ ಒಡೆಯುವುದೂ ಉಂಟು. ಇಳಿಜಾರಿನಲ್ಲಿ ಮುಂದಿನ ಟ್ಯೂಬ್ ಒಡೆದರೆ ಸೈಕಲ್ ಹಿಡಿತಕ್ಕೆ ಸಿಗುವುದಿಲ್ಲ.

ಮಗ ಮುಂದೆ ಇರಲಿ, ನೀವು ಹಿಂದೆ. ನಡುವೆ ಐವತ್ತು ಮೀಟರ್ ಅಂತರ. ತಿರುವಿನಲ್ಲಿ ಎಡ ಬಿಟ್ಟು ಹೋಗಬಾರದು, ಆಚೆಯಿಂದ ಬಸ್ಸು ಇಡೀ ರಸ್ತೆ ತುಂಬಿಕೊಂಡು ಬರುತ್ತದೆ. ಹಾರ್ನ್ ಕೇಳಿದ ಕೂಡಲೇ ಅಂಚಿಗೆ ನಿಲ್ಲಿ. ಬಸ್ಸು ಇರುವುದೇ ಕೆಲವು, ನಿಂತರೆ ಕಳೆದುಕೊಳ್ಳುವುದು ಏನೂ ಇಲ್ಲ. ನಿಂತಾಗಲೇ ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು ಕೇಳುವುದು. ತಲೆ ಮೇಲೆ ಯಾರೋ ದೊಡ್ಡ ಬಟ್ಟೆ ಕೊಡವಿದ ಹಾಗೆ ಇರುತ್ತದೆ.

ಘಾಟಿ ಇಳಿದ ಮೇಲೆ ಸಂತೆಗುಳಿ. ಅಲ್ಲಿಗೆ ಬರುವಾಗ ಗಾಳಿಯೇ ದಪ್ಪ ಆದಂತೆ ಅನಿಸುತ್ತದೆ. ಬೆವರು ಆರುವುದಿಲ್ಲ. ಬೆಳಗ್ಗೆ ಸಿದ್ದಾಪುರದಲ್ಲಿ ಸ್ವೆಟರ್ ಹಾಕಿ ಹೊರಟವರು ಇಲ್ಲಿ ಅಂಗಿ ಹಿಂಡುತ್ತೀರಿ. ನೀರಿನ ಜೊತೆ ಚಿಟಿಕೆ ಉಪ್ಪು, ಸಕ್ಕರೆ ಬೇಕೇ ಬೇಕು. ಕುಮಟಾದಲ್ಲಿ ಹೆದ್ದಾರಿ 66 ಅಡ್ಡ ಬರುತ್ತದೆ. ಸೈಕಲ್ಲಿನಿಂದ ಇಳಿದು, ಎರಡೂ ಕಡೆ ನೋಡಿ ದಾಟಿ. ಆ ಹೆದ್ದಾರಿಯಲ್ಲಿ ಗೋಕರ್ಣಕ್ಕೆ ಹೋಗಬೇಡಿ. ಬೇರೆ ದಾರಿ ಇದೆ, ಅದೇ ಇಡೀ ಪ್ರಯಾಣದ ಸಿಹಿ.

ಆರನೇ ದಿನ ಕುಮಟಾದಿಂದ ಬಾಡ, ಕಾಗಾಲ ಮೇಲೆ ಅಘನಾಶಿನಿ ಊರಿಗೆ ಹೋಗಿ. ಹತ್ತು–ಹನ್ನೆರಡು ಕಿ.ಮೀ. ತೆಂಗಿನ ತೋಟ, ಒಣ ಮೀನಿನ ವಾಸನೆ, ಮನೆಗಳ ಸಂದಿಯಲ್ಲಿ ಕಡಲು. ರಸ್ತೆ ಹೊಳೆಯ ಬಾಯಲ್ಲಿ ಮುಗಿದೇ ಹೋಗುತ್ತದೆ. ಆಚೆ ದಡ ತದಡಿ. ದಾಟಿಸಲು ಯಂತ್ರದ ದೋಣಿ ಇದೆ, ಸೈಕಲ್ ಹತ್ತಿಸಿಕೊಳ್ಳುತ್ತಾರೆ. ನಾನು ಹೋದಾಗ ದೋಣಿಯವರು ಸೈಕಲ್ಲನ್ನು ಮಲಗಿಸಿ, ಚೈನು ಹಲಗೆಗೆ ತಾಗದಂತೆ ಕೆಳಗೆ ಒಂದು ಗೋಣಿಚೀಲ ಮಡಚಿ ಇಟ್ಟರು. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡ ಮೀನಿನ ಅಕ್ಕಂದಿರು. "ಎಲ್ಲಿಂದ ಬಂದ್ರಿ?" ಅಂದರು. ಧಾರವಾಡ ಅಂದೆ. ಒಬ್ಬರು ಟೈರನ್ನು ಹಿಚುಕಿ ನೋಡಿದರು.

ಈ ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಶಿರಸಿಯಲ್ಲಿ ಹುಟ್ಟಿದ್ದು ತನ್ನ ಪಾಡಿಗೆ ತಾನು ಬಂದು ಕಡಲು ಸೇರುತ್ತದೆ. ಅದಕ್ಕೇ ಇಲ್ಲಿ ಬೆಳಚು ಅನ್ನುವ ಚಿಪ್ಪುಜೀವಿ, ಏಡಿ, ಮೀನು ಸಮೃದ್ಧ. ದಡದ ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುತ್ತಾರೆ. 2024ರಲ್ಲಿ ಈ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಗದಗಿನವರು ಹೆಮ್ಮೆ ಪಡಬೇಕು, ಅದೇ ಹೊತ್ತಿಗೆ ನಿಮ್ಮ ಮಾಗಡಿ ಕೆರೆಯೂ ಸೇರಿತು. ತದಡಿಯಿಂದ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳ ಕಡೆಯಿಂದ ಗೋಕರ್ಣಕ್ಕೆ ಹತ್ತು ಕಿ.ಮೀ.ಯೊಳಗೆ. ಉಪ್ಪಿನ ಬಿಳಿ ರಾಶಿ ಕಾಣಬೇಕಾದರೆ ಬೇಸಿಗೆಯಲ್ಲಿ ಬರಬೇಕು. ಡಿಸೆಂಬರ್‌ನಲ್ಲಿ ಕಾಣುವುದು ಆಕಾಶ ತುಂಬಿಕೊಂಡ ನೀರಿನ ಚೌಕಗಳು. ಕೊಕ್ಕರೆಗಳಂತೂ ಲೆಕ್ಕಕ್ಕಿಲ್ಲ.

ಕಾಲಲ್ಲಿ ಶಕ್ತಿ ಉಳಿದಿದ್ದರೆ ಗೋಕರ್ಣದಿಂದ ಉತ್ತರಕ್ಕೆ ಗಂಗಾವಳಿ ಊರಿನ ತನಕ ಹೋಗಿ ಬನ್ನಿ. ಬೇಡ್ತಿ ಸೇತುವೆಯಲ್ಲಿ ನೋಡಿದ ನೀರು ಅಲ್ಲಿ ಕಡಲಿಗೆ ಸೇರುವುದನ್ನು ಮಗ ನೋಡಲಿ.

ಮಳೆಗಾಲದಲ್ಲಿ ಈ ದಾರಿ ಮಾಡಬಹುದೇ ಎಂದು ಬಹಳ ಜನ ಕೇಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ಬೇಡ. ಜಲಪಾತ ಚೆಂದ ನಿಜ, ಆದರೆ ಗುಡ್ಡ ಜರಿಯುತ್ತದೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದದ್ದು ನಿಮಗೂ ನೆನಪಿರಬೇಕು. ದೊಡ್ಡ ಹೆದ್ದಾರಿಯಲ್ಲೇ ಹಾಗಾಯಿತು. ಸಣ್ಣ ಘಾಟಿಯಲ್ಲಿ ಹಾಗಾದರೆ ಹೊರಗೆ ಸುದ್ದಿ ಹೋಗಲಿಕ್ಕೇ ಹೊತ್ತು ಬೇಕು. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ಸೈಕಲ್ಲಿನ ವಿಚಾರ ಚಿಕ್ಕದಾಗಿ. ತೆಳು ರೇಸ್ ಟೈರ್ ಬೇಡ, 32 ಮಿ.ಮೀ. ಇದ್ದರೆ ಒಳ್ಳೆಯದು. ಬಯಲಿನ ದಾರಿಯಲ್ಲಿ ಜಾಲಿಮುಳ್ಳು, ಘಟ್ಟದಲ್ಲಿ ಚೂಪು ಜಲ್ಲಿ. ಒಬ್ಬೊಬ್ಬರಿಗೆ ಎರಡು ಟ್ಯೂಬ್, ಒಂದು ಪಂಪು, ಪಂಕ್ಚರ್ ಸಾಮಾನು. ಪಂಕ್ಚರ್ ಹಾಕುವುದನ್ನು ಮಗ ಹೊರಡುವ ಮೊದಲೇ ಮನೆಯಲ್ಲಿ ನಾಲ್ಕು ಸಲ ಮಾಡಿ ಕಲಿತಿರಲಿ. ಬಲ ಹ್ಯಾಂಡಲ್ಲಿಗೆ ಹಿಂದೆ ನೋಡುವ ಸಣ್ಣ ಕನ್ನಡಿ ಹಾಕಿಸಿ. ಹಗಲಲ್ಲೂ ಹಿಂದಿನ ಕೆಂಪು ದೀಪ ಮಿನುಗುತ್ತಿರಲಿ, ಕಾಡಿನ ನೆರಳಿನಲ್ಲಿ ಅದೊಂದೇ ದೂರಕ್ಕೆ ಕಾಣುವುದು. ಹೆಲ್ಮೆಟ್ ಇಲ್ಲದೆ ಮನೆ ಬಿಡಬೇಡಿ. ತಿನ್ನಲು ಪೇಟೆಯ ಎನರ್ಜಿ ಬಾರ್ ಹುಡುಕಬೇಡಿ. ಶೇಂಗಾ ಹೋಳಿಗೆ ವಾರ ಇಟ್ಟರೂ ಕೆಡುವುದಿಲ್ಲ, ಒಂದು ತಿಂದರೆ ಮತ್ತೆ ಹತ್ತು ಕಿ.ಮೀ. ನಡೆಯುತ್ತದೆ.

ಹೊರಡುವ ಮೊದಲು ನವೆಂಬರ್ ತಿಂಗಳಲ್ಲಿ ಎರಡು ರವಿವಾರ ಒಂದು ಪರೀಕ್ಷೆ ಮಾಡಿ. ಧಾರವಾಡದಿಂದ ದುಮ್ಮವಾಡ, ನೀರಸಾಗರ ಕೆರೆಯ ಕಡೆಯಿಂದ ಕಲಘಟಗಿಗೆ ಹೋಗಿ, ಅದೇ ದಾರಿಯಲ್ಲಿ ತಿರುಗಿ ಬನ್ನಿ. ಅದು 60 ಕಿ.ಮೀ. ದಾಟುತ್ತದೆ. ಆರು ದಿನಕ್ಕೆ ಒಯ್ಯುವಷ್ಟೇ ಸಾಮಾನು ಸೈಕಲ್ಲಿಗೆ ಕಟ್ಟಿ ಹೋಗಿ. ಮರುದಿನ ಬೆಳಗ್ಗೆ ಎದ್ದು ಮತ್ತೆ 20 ಕಿ.ಮೀ. ಹೊಡೆಯಲು ಇಬ್ಬರಿಗೂ ಮನಸ್ಸು ಬಂದರೆ ನೀವು ತಯಾರು. ಮಗನಿಗೆ ಮೊಣಕಾಲು ನೋವು ಬಂದರೆ ಸೀಟಿನ ಎತ್ತರ ನೋಡಿ. ಬಹಳ ಹುಡುಗರು ಸೀಟು ತಗ್ಗಿಸಿ ಇಟ್ಟುಕೊಂಡಿರುತ್ತಾರೆ. ಪೆಡಲ್ ಕೆಳಗೆ ಬಂದಾಗ ಕಾಲು ಹೆಚ್ಚುಕಡಿಮೆ ನೆಟ್ಟಗಾಗಬೇಕು.

ವಾಪಸ್ ಬರುವುದು ಬಸ್ಸಿನಲ್ಲಿ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಇನ್ನೂ ಕಾಗದದ ಮೇಲೇ ಇದೆ, ಹಾಗಾಗಿ ನೇರ ರೈಲಿಲ್ಲ. ಗೋಕರ್ಣ, ಕುಮಟಾ, ಅಂಕೋಲಾದಿಂದ ವಾಯವ್ಯ ಸಾರಿಗೆ ಬಸ್ಸುಗಳು ಹುಬ್ಬಳ್ಳಿಗೆ ಬರುತ್ತವೆ. ಸೈಕಲ್ಲಿಗೆ ಲಗೇಜ್ ಟಿಕೆಟ್ ಆಗುತ್ತದೆ. ಆದರೆ ಜಾಗ ಇದೆಯೋ ಇಲ್ಲವೋ ನೋಡಿ ಹೇಳುವವರು ಕಂಡಕ್ಟರು. ರವಿವಾರ ಸಂಜೆಯ ತುಂಬಿದ ಬಸ್ಸಿಗೆ ಎರಡು ಸೈಕಲ್ ತಂದು ನಿಲ್ಲಿಸಿದರೆ ಅವರೇನು ಮಾಡಬೇಕು? ಕೆಲಸದ ದಿನ ಮಧ್ಯಾಹ್ನದ ಬಸ್ಸು ನೋಡಿಕೊಳ್ಳಿ, ಅರ್ಧ ತಾಸು ಮೊದಲೇ ಹೋಗಿ "ಸರ್, ಎರಡು ಸೈಕಲ್ ಅದಾವ್ರಿ, ಚಕ್ರ ಬಿಚ್ಚಿ ಇಡ್ತೀವಿ" ಅಂತ ಮೊದಲೇ ಹೇಳಿ. ಚಕ್ರ ಎರಡೂ ಬಿಚ್ಚಿ, ಚೈನಿನ ಮೇಲೆ ಹಳೇ ಪಂಜೆ ಸುತ್ತಿ, ಹಗ್ಗದಲ್ಲಿ ಕಟ್ಟಿಕೊಂಡಿರಿ. ಬೇರೆಯವರ ಚೀಲಕ್ಕೆ ಗ್ರೀಸ್ ತಾಗದಿದ್ದರೆ ಯಾರೂ ತಕರಾರು ಮಾಡುವುದಿಲ್ಲ. ಬಸ್ಸು ಅರಬೈಲ್ ಘಾಟಿ ಹತ್ತುವಾಗ ಕಿಟಕಿ ಪಕ್ಕ ಕೂತು ಆ ಲಾರಿಗಳ ಸಾಲು ನೋಡಿ. ಮನೆಯವರಿಗೆ ಅಲ್ಲಿಂದಲೇ ಫೋನ್ ಮಾಡಿ, ಸಂಜೆ ಊಟಕ್ಕೆ ಬರುತ್ತೇವೆ ಅಂತ ಹೇಳಿ.